ಸೀಟಿನ ಕೆಳಗಿನ ಕಲ್ಲು

“ಬುದ್ಧಿ, ನಾನು ಯಾರ ಮೇಲೂ ಕೈ ಎತ್ತಿದವನಲ್ಲ. ಯಾರದೂ ಒಂದು ಕಡ್ಡಿ ಮುಟ್ಟಿದವನಲ್ಲ. ಹಾಗಿದ್ದ ಮೇಲೆ ನಾನು ಯಾವುದಕ್ಕೆ ನಾಚಿಕೊಳ್ಳಬೇಕು?”

ಗುರುಗಳನ್ನು ಹೀಗೆ ಕೇಳಿದವನು ಶಿವನಂಜ. ಬೆಟ್ಟದ ಬುಡದ ಚಿಕ್ಕ ಮಠವೊಂದರಲ್ಲಿ ಅವನೇ ಹಿರಿಯ ಶಿಷ್ಯ. ದಿನಕ್ಕೆ ಒಂದು ಸಲವಾದರೂ ಮನುಷ್ಯ ತನ್ನ ಬಗ್ಗೆ ತಾನು ನಾಚಿಕೊಳ್ಳಬೇಕು ಎಂದು ಗುರುಗಳು ಬೆಳಗಿನ ಪಾಠದಲ್ಲಿ ಹೇಳಿದ್ದರು. ಆ ಮಾತು ಅವನಿಗೆ ಹಿಡಿಸಿರಲಿಲ್ಲ. ಅವನು ಮಠಕ್ಕಾಗಿ ಬಹಳ ದುಡಿದಿದ್ದ. ಗೋಡೆಗಳಿಗೆ ಸುಣ್ಣ ಹೊಡೆಸಿದ್ದ. ಅಂಗಳಕ್ಕೆ ಚಪ್ಪಡಿ ಹಾಸಿಸಿದ್ದ. ಈಗ ಹೆಬ್ಬಾಗಿಲಿಗೆ ಕಮಾನು ಏಳುತ್ತಿತ್ತು. ಬಂದವರೆಲ್ಲ ನಿಂತು ನೋಡಿ ಹೊಗಳುತ್ತಿದ್ದರು.

ಗುರುಗಳು ಹಿತ್ತಲ ಕಡೆಗೆ ಕಿವಿ ಕೊಟ್ಟರು. ಹಿತ್ತಲ ಬಾವಿಯಲ್ಲಿ ಅಡುಗೆಯ ಸಿದ್ದಮಲ್ಲಪ್ಪ ನೀರು ಸೇದುತ್ತಿದ್ದ. ವಯಸ್ಸಾದವನು. ಬಾವಿಯ ರಾಟೆ ಮುರಿದಿತ್ತು. ಹಗ್ಗ ಕಟ್ಟೆಯ ಕಲ್ಲಿಗೆ ಉಜ್ಜುವ ಸದ್ದು ಜಗಲಿಯವರೆಗೂ ಕೇಳುತ್ತಿತ್ತು.

“ರಾಟೆ ಏನಾಯಿತಪ್ಪ?” ಎಂದರು ಗುರುಗಳು.

“ಕಮಾನು ಮುಗೀಲಿ ಬುದ್ಧಿ, ಆಮೇಲೆ ಹಾಕಿಸ್ತೀನಿ. ಅಲ್ಲಿವರೆಗೂ ಸಿದ್ದಮಲ್ಲಪ್ಪನವರು ಇದ್ದಾರಲ್ಲ.”

ಗುರುಗಳು ತಲೆಯಾಡಿಸಿದರು. ಕೂತುಕೋ ಎಂದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಜೀಪಿನವನಿದ್ದ. ಅವನ ಸೀಮೆಯಲ್ಲಿ ಬೆಟ್ಟದ ಮೇಲಿನ ಊರುಗಳಿಗೆ ಬಸ್ಸು ಹೋಗುವುದಿಲ್ಲ. ದಾರಿ ಎಂದರೆ ಕಲ್ಲು ಮತ್ತು ಕೊರಕಲು. ಅವನ ಜೀಪೇ ಬಸ್ಸು, ಅವನ ಜೀಪೇ ಲಾರಿ. ಮೇಲಿನಿಂದ ಹುಣಸೆಹಣ್ಣು, ಸೀಗೆಕಾಯಿ, ಜನ. ಕೆಳಗಿನಿಂದ ಅಕ್ಕಿ, ಸೀಮೆಎಣ್ಣೆ, ಮತ್ತೆ ಜನ.

ಜೀಪು ಚಿಕ್ಕದು, ಹಳೆಯದು. ಅವನ ಕೈಗೆ ಬರುವ ಮುಂಚೆ ಯಾರದೋ ಹೊಲದ ಬದುವಿನಲ್ಲಿ ತುಕ್ಕು ಹಿಡಿದು ನಿಂತಿತ್ತು. ಅದರೊಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಅವನು ಎತ್ತು ಕಟ್ಟಿ ಎಳೆಸಿಕೊಂಡು ಬಂದ. ಎಂಜಿನು ಬಿಚ್ಚಿದ, ತೊಳೆದ, ಮತ್ತೆ ಕೂಡಿಸಿದ. ಅವನ ಹೆಂಡತಿ ನಟ್ಟು ಬೋಲ್ಟುಗಳನ್ನು ಮೊರದಲ್ಲಿ ಹರಡಿಕೊಂಡು ಕೂತು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದನ್ನೇ ಆರಿಸಿ ಸೀಮೆಎಣ್ಣೆಯಲ್ಲಿ ಉಜ್ಜಿದಳು. ಯಾವುದು ಎಲ್ಲಿಯದು ಎಂದು ಅವನು ಮರೆತರೂ ಅವಳಿಗೆ ನೆನಪಿರುತ್ತಿತ್ತು. ಅವರಿಗೆ ಮಕ್ಕಳಿರಲಿಲ್ಲ. ಜೀಪು ಮೊದಲ ಸಲ ಹೊರಟ ದಿನ ಅವಳು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಎಡಗಡೆಯ ಸೀಟಿನಲ್ಲಿ ಕೂತಳು. ಅಂದಿನಿಂದ ಆ ಸೀಟು ಅವಳದಾಯಿತು.

ಎಲ್ಲ ಸರಿಯಾಗಿತ್ತು. ಕೈ ಬ್ರೇಕು ಮಾತ್ರ ಹಿಡಿಯುತ್ತಿರಲಿಲ್ಲ.

ಕಾಲಿನ ಬ್ರೇಕು ಚೆನ್ನಾಗಿತ್ತು. ಆದರೆ ಓಡಿಸುವವನು ಕಾಲು ತೆಗೆದು ಕೆಳಗೆ ಇಳಿಯಬೇಕಾದರೆ ಕೈ ಬ್ರೇಕು ಬೇಕು. ಏರಿನಲ್ಲಿ ಗೇರಿಗೆ ಹಾಕಿ ನಿಲ್ಲಿಸಿದರೂ ಭಾರಕ್ಕೆ ಜೀಪು ಹಿಂದಕ್ಕೆ ತೆವಳುತ್ತಿತ್ತು. ಆ ದಾರಿಯಲ್ಲಿ ಏರಿಲ್ಲದ ಜಾಗ ಕಡಿಮೆ. ಮೊದಲ ದಿನ ಹಾಗೆ ತೆವಳಿದಾಗ ಹೆಂಡತಿ ಕೆಳಕ್ಕೆ ಹಾರಿ, ದಾರಿಬದಿಯ ಕಲ್ಲೊಂದನ್ನು ಎತ್ತಿ ಹಿಂದಿನ ಚಕ್ರಕ್ಕೆ ಕೊಟ್ಟಳು. ಜೀಪು ನಿಂತಿತು. ಕಲ್ಲು ಅನುಕೂಲವಾಗಿತ್ತು. ಒಂದು ಮಗ್ಗುಲು ಚಪ್ಪಟೆ, ಒಂದು ಮಗ್ಗುಲು ಇಳಿಜಾರು. ಅವಳು ಅದನ್ನು ಬಿಟ್ಟು ಬರಲಿಲ್ಲ. ತನ್ನ ಸೀಟಿನ ಕೆಳಗೆ ಇಟ್ಟುಕೊಂಡಳು.

ಆಮೇಲೆ ಅದೇ ರೂಢಿಯಾಯಿತು. ಜೀಪು ನಿಲ್ಲುತ್ತಿದ್ದಂತೆ ಅವಳು ಇಳಿಯುವಳು. ಚಕ್ರಕ್ಕೆ ಕಲ್ಲು ಕೊಡುವಳು. ಚಕ್ರದ ಮೇಲೆ ಅಂಗೈಯಿಂದ ಒಂದು ಏಟು ಹಾಕುವಳು. ಆ ಏಟು ಕೇಳಿದ ಮೇಲೆ ಅವನು ಬ್ರೇಕಿನಿಂದ ಕಾಲು ತೆಗೆಯುವನು. ಹೊರಡುವಾಗ ಅವಳು ಕಲ್ಲು ಎತ್ತಿಕೊಂಡು ಹತ್ತುವಳು. ಕಲ್ಲಿನ ಅಂಚು ಬೆರಳಿಗೆ ಕೊರೆಯುತ್ತಿತ್ತು. ಅದಕ್ಕೆ ಹಳೆಯ ಸೀರೆಯ ತುಂಡು ಸುತ್ತಿದಳು.

ಒಂದು ಸಲ ಅವನು ಜೀಪಿನ ಕೆಳಗೆ ಮಲಗಿ ಗ್ರೀಸು ಹಾಕುತ್ತಿದ್ದ. ಅವಳು ಪಕ್ಕದಲ್ಲಿ ಕೂತು ಚಿಂದಿ ಬಟ್ಟೆ ಕೊಡುತ್ತಿದ್ದಳು.

“ಹೆಂಗೂ ಕೆಳಗೇ ಇದೀರಿ. ಆ ಕೈ ಬ್ರೇಕು ಒಸಿ ನೋಡಬಾರದಾ?” ಎಂದಳು.

“ನೀನಿದ್ದೀಯಲ್ಲ,” ಎಂದ ಅವನು, ಕೆಳಗಿನಿಂದಲೇ.

ಅವನು ಅದನ್ನು ಪ್ರೀತಿಯಿಂದ ಹೇಳಿದ್ದ. ಅವಳೂ ಹಾಗೇ ತೆಗೆದುಕೊಂಡಳು. ನಕ್ಕು ಎದ್ದುಹೋದಳು. ಮತ್ತೆ ಕೇಳಲಿಲ್ಲ.

ಜೀಪಿನವನಿಗೆ ಜೀಪಿನ ಮೇಲೆ ಆಸೆ ಬೆಳೆಯಿತು. ಮಳೆಗಾಲದಲ್ಲಿ ಒಂದು ಕಡೆ ಅದರ ಹೊಟ್ಟೆ ಕಲ್ಲಿಗೆ ತಾಗಿತು. ಅವನು ಸ್ಪ್ರಿಂಗುಗಳಿಗೆ ಪಟ್ಟಿ ಸೇರಿಸಿ ಜೀಪನ್ನು ಎತ್ತರ ಮಾಡಿದ. ಎತ್ತರ ಮಾಡಿದ ಮೇಲೆ ಚಕ್ರ ಸಣ್ಣದಾಗಿ ಕಂಡಿತು. ಟ್ರ್ಯಾಕ್ಟರಿನ ಹಾಗೆ ಹಲ್ಲಿರುವ ದೊಡ್ಡ ಟಯರು ಹಾಕಿದ. ಟಯರು ಮಡ್‌ಗಾರ್ಡಿಗೆ ಉಜ್ಜಿತು. ಮಡ್‌ಗಾರ್ಡು ಕತ್ತರಿಸಿದ. ಹತ್ತುವ ಮೆಟ್ಟಿಲು ಬಂಡೆಗೆ ಸಿಕ್ಕಿಕೊಳ್ಳುತ್ತದೆ ಎಂದು ಅದನ್ನೂ ಕತ್ತರಿಸಿ ತೆಗೆದ.

“ಹತ್ತೋದು ಹೆಂಗೆ?” ಎಂದಳು ಹೆಂಡತಿ.

“ಅಭ್ಯಾಸ ಆಯ್ತದೆ,” ಎಂದ.

ಅಭ್ಯಾಸವಾಯಿತು. ಟಾರ್ಪಾಲಿನ ಕಬ್ಬಿಣದ ಕಮಾನು ಹಿಡಿದುಕೊಂಡು, ಮೊದಲು ಜೀಪಿನ ನೆಲದ ಮೇಲೆ ಕೂತು, ಆಮೇಲೆ ಮೈ ಎಳೆದುಕೊಂಡು ಅವಳು ಸೀಟಿಗೆ ಏರುತ್ತಿದ್ದಳು. ಅವನು ಆಗ ಎಂಜಿನಿನ ಸದ್ದು ಕೇಳುತ್ತಾ ಕೂತಿರುತ್ತಿದ್ದ. ಯಾವ ಬೇರಿಂಗು ಸವೆದಿದೆ, ಎಲ್ಲಿ ನಟ್ಟು ಸಡಿಲವಾಗಿದೆ ಎಂದು ಅವನು ಸದ್ದಿನಲ್ಲೇ ಹೇಳುತ್ತಿದ್ದ.

ಮುಂದೆ ಉಕ್ಕಿನ ಹಗ್ಗ ಸುತ್ತುವ ಯಂತ್ರ ಕೂಡಿಸಿದ. ಕೆಸರಿನಲ್ಲಿ ಹೂತರೆ ಹಗ್ಗವನ್ನು ಮರಕ್ಕೆ ಕಟ್ಟಿ ಜೀಪು ತನ್ನನ್ನು ತಾನೇ ಎಳೆದುಕೊಳ್ಳುತ್ತಿತ್ತು. ಎಂಜಿನು ಉಸಿರೆಳೆಯುವ ಕೊಳವೆಯನ್ನು ಮೇಲಕ್ಕೆ ಎತ್ತಿಸಿದ. ತುಂಬಿದ ಹಳ್ಳದಲ್ಲೂ ಎಂಜಿನು ನಿಲ್ಲುತ್ತಿರಲಿಲ್ಲ. ಹೆರಿಗೆ ನೋವಿನ ಹೆಂಗಸೊಬ್ಬಳನ್ನು ಅಂಥ ಹಳ್ಳ ದಾಟಿಸಿ ಕೆಳಗೆ ತಂದ. ತಾಯಿ, ಮಗು ಇಬ್ಬರೂ ಉಳಿದರು. ಸುತ್ತಲ ಊರಿನಲ್ಲಿ ಅವನಿಗೆ ಹೆಸರು ಬಂತು. ಆ ಹೆಸರು ಸುಳ್ಳಲ್ಲ.

ಒಂದು ಕೆಲಸ ಇನ್ನೊಂದು ಕೆಲಸವನ್ನು ಹುಟ್ಟಿಸುತ್ತಿತ್ತು. ಎಡಗಡೆಯ ಕನ್ನಡಿ ಮರಕ್ಕೆ ತಾಗಿ ಒಡೆಯಿತು. ಹಾಕಿಸಲಿಲ್ಲ. ಆ ಕಡೆ ನೋಡಿ ಹೇಳಲು ಅವಳಿದ್ದಳು. ಕೈ ಬ್ರೇಕಿಗೂ ಸರದಿ ಬರಲಿಲ್ಲ. ಅದು ಕೆಟ್ಟಿದೆ ಎಂಬುದೇ ಅವನಿಗೆ ಮರೆತುಹೋಗಿತ್ತು.

ಬೆಟ್ಟದ ಬುಡದಲ್ಲಿ ಒಂದು ಟೀ ಅಂಗಡಿ. ಗಾಡಿಯವರೆಲ್ಲ ಅಲ್ಲಿ ಸೇರುತ್ತಿದ್ದರು. ಜೀಪಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ ಕೆಳಗೆಲ್ಲ ನೋಡುತ್ತಿದ್ದರು.

“ಇನ್ನು ರೆಕ್ಕೆ ಒಂದು ಬಾಕಿ ಕಣಣ್ಣ,” ಎಂದ ಅಂಗಡಿಯವನು.

“ರೆಕ್ಕೆ ಬಂದ ದಿವಸ ನಿನ್ನ ಅಂಗಡಿ ಮೇಲೇ ಇಳಿಸ್ತೀನಿ. ಈಗ ಟೀ ಹಾಕು.”

ಒಬ್ಬ ಲಾರಿಯವನು ಒಳಗೆ ಕೈ ಹಾಕಿ ಕೈ ಬ್ರೇಕಿನ ಹಿಡಿಯನ್ನು ಎಳೆದ. ಅದು ಸತ್ತ ಕೋಳಿಯ ಕತ್ತಿನ ಹಾಗೆ ಸಡಿಲವಾಗಿ ಬಂತು.

“ಏನಣ್ಣ ಇದು? ಇಷ್ಟೆಲ್ಲಾ ಮಾಡ್ಸಿದೀಯ, ಕೈ ಬ್ರೇಕೇ ಇಲ್ವಲ್ಲ.”

ಜೀಪಿನವನು ಗದ್ದ ಎತ್ತಿ ಎಡಗಡೆಯ ಸೀಟು ತೋರಿಸಿದ.

“ನನ್ನ ಕೈ ಬ್ರೇಕು ಅಲ್ಲಿ ಕೂತವಳೆ ನೋಡು.”

ಎಲ್ಲರೂ ನಕ್ಕರು. ಹೆಂಡತಿಯೂ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ಮಾತು ಅಲ್ಲಿ ಉಳಿದುಕೊಂಡಿತು. ಜೀಪು ಬಂದರೆ, ಕೈ ಬ್ರೇಕಮ್ಮ ಬಂದರು ಎನ್ನುತ್ತಿದ್ದರು. ಹೆಂಡತಿಯನ್ನು ಎಲ್ಲರೂ ಹೀಗೆ ಗುರುತಿಸುತ್ತಾರಲ್ಲ ಎಂದು ಅವನಿಗೆ ಹೆಮ್ಮೆಯಾಗುತ್ತಿತ್ತು.

ವರ್ಷಗಳು ಹೋದವು. ಜೀಪು ಎತ್ತರವಾಗುತ್ತಾ ಬಂತು. ಅವಳ ಮಂಡಿ ಹಿಡಿದುಕೊಳ್ಳುತ್ತಾ ಬಂತು. ಇದು ಅವನಿಗೆ ಗೊತ್ತಾಗಲಿಲ್ಲ. ಅವನ ಕಣ್ಣು ದಾರಿಯ ಮೇಲೆ ಇರುತ್ತಿತ್ತು. ಅವನಿಗೆ ಕೇಳಬೇಕಾದದ್ದು ಚಕ್ರದ ಮೇಲಿನ ಏಟು. ಅದು ಕೇಳುತ್ತಿತ್ತು. ಅವನು ಇಳಿದು ಹಿಂದಕ್ಕೆ ಬರುವಷ್ಟರಲ್ಲಿ ಅವಳು ಸೀಟಿನಲ್ಲೇ ಕೂತಿರುತ್ತಿದ್ದಳು. ಬೇಗ ಹತ್ತಿಕೊಂಡಳು ಎಂದುಕೊಳ್ಳುತ್ತಿದ್ದ. ಚಕ್ರದ ಹತ್ತಿರ ಯಾರೋ ಒಬ್ಬರು ನಿಂತಿರುತ್ತಿದ್ದರು. ಅವಳನ್ನು ಮಾತಾಡಿಸಲು ಬಂದವರು ಎಂದುಕೊಳ್ಳುತ್ತಿದ್ದ. ಕೆಲವು ಸಲ ಏಟು ತಡವಾಗಿ ಬೀಳುತ್ತಿತ್ತು. ಆಗ ಅವನು ಹಾರನ್ನು ಒತ್ತುತ್ತಿದ್ದ.

ಒಂದು ಮಳೆಗಾಲ ಅವಳಿಗೆ ಹೊಟ್ಟೆನೋವು ಬಂತು. ಕಷಾಯಕ್ಕೆ ಹೋಗಲಿಲ್ಲ. ಅವನು ಅವಳನ್ನು ಎತ್ತಿ ಅದೇ ಸೀಟಿನಲ್ಲಿ ಕೂರಿಸಿದ. ಬೆಟ್ಟ ಇಳಿಸಿದ. ಜೀಪು ಒಂದು ಸಲವೂ ಕೆಮ್ಮಲಿಲ್ಲ. ಹಳ್ಳ ತುಂಬಿತ್ತು, ದಾಟಿತು. ಆಸ್ಪತ್ರೆಯ ಬಾಗಿಲಿಗೆ ಒಂದು ಏರಿತ್ತು. ಅವನು ನಿಲ್ಲಿಸಿ ಬ್ರೇಕು ಒತ್ತಿಕೊಂಡು ಕೂತ. ಅವಳು ಕಣ್ಣು ಮುಚ್ಚಿದ್ದಳು. ಕಣ್ಣು ಮುಚ್ಚಿಕೊಂಡೇ ಅವಳ ಕೈ ಸೀಟಿನ ಕೆಳಗೆ ಹೋಯಿತು. ಕಲ್ಲಿಗಾಗಿ ತಡಕಾಡಿತು.

“ನೀ ಇರು,” ಎಂದ ಅವನು. ಚಕ್ರಕ್ಕೆ ಏನಾದರೂ ಕೊಡಿ ಎಂದು ಕೂಗಿದ. ಬಾಗಿಲಲ್ಲಿದ್ದ ಯಾರೋ ಇಟ್ಟಿಗೆ ತಂದು ಕೊಟ್ಟರು. ಅವಳನ್ನು ಇಳಿಸಿಕೊಂಡರು.

ಅವಳು ಮತ್ತೆ ಆ ಸೀಟಿಗೆ ಹತ್ತಲಿಲ್ಲ.

ಗುರುಗಳು ಇಲ್ಲಿ ನಿಲ್ಲಿಸಿದರು. ಹಿತ್ತಲಲ್ಲಿ ಕೊಡಕ್ಕೆ ನೀರು ಸುರಿದ ಸದ್ದಾಯಿತು. ಅದು ಮುಗಿದ ಮೇಲೆ ಮುಂದುವರಿಸಿದರು.

ಮಣ್ಣು ಮಾಡಿದ್ದಾಯಿತು. ತಿಥಿ ಆಯಿತು. ಜನ ಬಂದರು, ಹೇಳುವುದನ್ನು ಹೇಳಿದರು. ನೀನು ಏನು ಕಮ್ಮಿ ಮಾಡಿದೆ, ರಾಣಿ ಹಂಗೆ ಮುಂದಿನ ಸೀಟಲ್ಲಿ ಕೂರಿಸಿಕೊಂಡು ಸುತ್ತಿಸಿದೆ ಎಂದರು. ಅವನಿಗೂ ಹಾಗೇ ಅನಿಸಿತು. ಅವನಿಗೆ ಅಳು ಬಂತು. ನಾಚಿಕೆ ಬರಲಿಲ್ಲ.

ಮನೆಯಲ್ಲಿ ಕೂರಲು ಆಗಲಿಲ್ಲ. ಒಲೆಯ ಮೇಲೆ ಇಟ್ಟದ್ದು ಸೀದುಹೋಗುತ್ತಿತ್ತು. ಎದ್ದು ಜೀಪು ತೆಗೆದ. ಮೇಲಿನ ಊರಿಗೆ ಅಕ್ಕಿಮೂಟೆ ಹೋಗಬೇಕಿತ್ತು. ಯಾರನ್ನೂ ಹತ್ತಿಸಿಕೊಳ್ಳಲಿಲ್ಲ. ಹಿಂದೆ ಮೂಟೆ ಹಾಕಿದ. ಎಡಗಡೆಯ ಸೀಟು ಖಾಲಿ ಬಿಟ್ಟ.

ಮೇಲಿನ ಊರಿನ ತಿರುವಿನಲ್ಲಿ ನಿಲ್ಲಿಸಿದ. ಕಡಿದಾದ ಏರು. ಹಿಂದೆ ಕಮರಿ. ಜನ ಕಾಯುತ್ತಿದ್ದರು. ಅವನು ಕಾಲಿನ ಬ್ರೇಕು ಒತ್ತಿಕೊಂಡು ಕೂತ. ಕೂತೇ ಇದ್ದ. ಏಟು ಬೀಳಲಿಲ್ಲ. ಅವನ ಕೈ ಹಾರನ್ನಿನ ಮೇಲೆ ಹೋಯಿತು. ಹೋಗಿ ಅಲ್ಲೇ ನಿಂತಿತು.

ಅವನು ದುಃಖದಿಂದ ಇಳಿಯುತ್ತಿಲ್ಲ ಎಂದು ಜನ ಅಂದುಕೊಂಡರು. ಹತ್ತಿರ ಬರದೆ ನಿಂತರು. ಒಬ್ಬ ಬಂದು, “ಇಳಿಯಣ್ಣ, ಬಾ, ಒಂದು ಲೋಟ ಟೀ ಕುಡಿಯೋವಂತೆ,” ಎಂದ. ಜೀಪಿನವನು ಮುಂದಕ್ಕೆ ನೋಡುತ್ತಾ ಕೂತಿದ್ದ. ಎಂಥ ಬೆಟ್ಟವನ್ನಾದರೂ ಹತ್ತುವ ಜೀಪು ಅದು. ಅದರಿಂದ ಕೆಳಗೆ ಇಳಿಯುವುದು ಅವನಿಂದ ಆಗುತ್ತಿರಲಿಲ್ಲ. ಅದನ್ನು ಬಾಯಿ ಬಿಟ್ಟು ಹೇಳಲೂ ಆಗಲಿಲ್ಲ. ಬ್ರೇಕಿನ ಮೇಲಿದ್ದ ಕಾಲು ನಡುಗಲು ಹಿಡಿಯಿತು.

ಆಗ ಜನರ ನಡುವಿನಿಂದ ಒಬ್ಬ ಮುದುಕಿ ಬಂದಳು. ಸುತ್ತಿಕೊಂಡು ಎಡಗಡೆಗೆ ಹೋದಳು. ಯಾರನ್ನೂ ಕೇಳದೆ ಸೀಟಿನ ಕೆಳಗೆ ಕೈ ಹಾಕಿದಳು. ಸೀರೆಯ ತುಂಡು ಸುತ್ತಿದ ಕಲ್ಲನ್ನು ತೆಗೆದಳು. ಹಿಂದಿನ ಚಕ್ರಕ್ಕೆ ಕೊಟ್ಟಳು. ಚಕ್ರದ ಮೇಲೆ ಅಂಗೈಯಿಂದ ಒಂದು ಏಟು ಹಾಕಿದಳು.

ಅದೇ ಏಟು. ಆ ತಿರುವಿನಲ್ಲಿ ಅವನು ಇಷ್ಟು ಕಾಲ ಕೇಳುತ್ತಿದ್ದ ಏಟು ಅದೇ ಆಗಿತ್ತು.

ಅವನು ಇಳಿದು ಬಂದ.

“ಕಲ್ಲು ಅಲ್ಲಿರೋದು ನಿನಗೆ ಹೆಂಗೆ ಗೊತ್ತವ್ವ?”

“ಹೆಂಗೆ ಅಂದ್ರೆ? ಇಲ್ಲಿ ನಾನೇ ಅಲ್ವಾ ಕೊಡ್ತಿದ್ದದ್ದು. ನಿನ್ನ ಹೆಂಡ್ತಿ ಮೇಲಿಂದ ನನ್ನ ಕೈಗೆ ಕೊಡೋಳು. ಮಂಡಿ ಮಡಿಸಕ್ಕೆ ಆಯ್ತಿರಲಿಲ್ಲ ಅವಳಿಗೆ. ಕೆಳಗಿನ ಊರಲ್ಲಿ ಅಗಸರ ಹುಡುಗಿ ಕೊಡ್ತಿದ್ಲು. ಟೀ ಅಂಗಡಿ ತಾವ ಅಂಗಡಿಯೋನೇ ಎದ್ದು ಬರ್ತಿದ್ದನಂತೆ.”

“ನನಗ್ಯಾಕೆ ಹೇಳಲಿಲ್ಲ?”

“ಅವಳೇ ಬ್ಯಾಡ ಅಂದಿದ್ಲು. ಅವರಿಗೆ ಗಾಡಿ ಕೆಲಸವೇ ಬೇಕಾದಷ್ಟು ಐತೆ, ಇದೊಂದು ಯಾಕೆ ಅನ್ನೋಳು.” ಮುದುಕಿ ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು. “ನೀನು ಹಾರನ್ನು ಹೊಡೀತಿದ್ದೆ ನೋಡು, ಆಗ ನಾನು ಓಡಿ ಬರ್ತಿದ್ದೆ. ವಯಸ್ಸಾಯ್ತಲ್ಲ ಮಗ, ಒಸಿ ತಡ ಆಗೋದು.”

ಆ ಮಾತಿನಲ್ಲಿ ಬೈಗುಳ ಇರಲಿಲ್ಲ. ಸುತ್ತ ನಿಂತವರು ನೆಲ ನೋಡಿದರು. ಅವರಿಗೆಲ್ಲ ಗೊತ್ತಿತ್ತು. ದಾರಿಯುದ್ದಕ್ಕೂ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವನು ಒಬ್ಬನೇ, ಅವಳ ಪಕ್ಕದಲ್ಲಿ ಕೂತಿದ್ದವನು.

ಮೂಟೆ ಇಳಿಸಿ ಅವನು ಹಿಂದಿರುಗಿದ. ಮನೆಯಲ್ಲಿ ಇರಲಾರದೆ ಇನ್ನೂ ಕೆಳಗೆ, ಟೀ ಅಂಗಡಿಯವರೆಗೆ ಹೋದ. ಅಲ್ಲಿ ನಿಧಾನ ಮಾಡಿದ. ಅಂಗಡಿಯವನು ಕೈ ಒರೆಸಿಕೊಳ್ಳುತ್ತಾ ಎದ್ದು ಎಡಗಡೆಗೆ ಬಂದ. ಬಂದು ಕೈ ಚಾಚಿದ. ಖಾಲಿ ಸೀಟು ನೋಡಿ ಕೈ ಕೆಳಗೆ ಬಿಟ್ಟ. ಜೀಪಿನವನು ನಿಲ್ಲಿಸದೆ ತಿರುಗಿಸಿಕೊಂಡು ಮನೆಗೆ ಬಂದ.

ಬಟ್ಟೆಯನ್ನೂ ಬದಲಾಯಿಸದೆ ಜೀಪಿನ ಕೆಳಗೆ ಮಲಗಿದ. ಗೇರಿನ ಪೆಟ್ಟಿಗೆಯಿಂದ ಎಣ್ಣೆ ಒಸರಿ ಕೈ ಬ್ರೇಕಿನ ಒಳಕ್ಕೆ ಇಳಿದಿತ್ತು. ಅದನ್ನು ಎಳೆಯುವ ತಂತಿ ತುಕ್ಕು ಹಿಡಿದು ಅಂಟಿಕೊಂಡಿತ್ತು. ಎಣ್ಣೆ ಒಸರುವುದನ್ನು ನಿಲ್ಲಿಸಿದ. ಒಳಗೆ ಒರೆಸಿದ. ಹೊಸ ತಂತಿ ಹಾಕಿದ. ತಂತಿ ಅವನ ಸಲಕರಣೆ ಪೆಟ್ಟಿಗೆಯಲ್ಲೇ ಇತ್ತು. ಎಂದೋ ತಂದಿಟ್ಟದ್ದು. ಒಂದು ನಟ್ಟು ಬಿಗಿದ. ಅಷ್ಟೇ. ಅಂಗಳದ ಬಿಸಿಲು ಗೋಡೆ ಹತ್ತುವ ಮುಂಚೆ ಕೆಲಸ ಮುಗಿದಿತ್ತು.

ಕಷ್ಟದ ಕೆಲಸವಾಗಿದ್ದರೆ ಅವನಿಗೆ ಹೇಳಿಕೊಳ್ಳಲು ಏನಾದರೂ ಉಳಿಯುತ್ತಿತ್ತು.

ಕೆಲಸ ಮುಗಿದರೂ ಅವನು ಹೊರಗೆ ಬರಲಿಲ್ಲ. ಬೆನ್ನ ಕೆಳಗೆ ಅದೇ ನೆಲ. ತಲೆಯ ಮೇಲೆ ಅದೇ ಕಬ್ಬಿಣ. ನೀನಿದ್ದೀಯಲ್ಲ ಎಂದು ಅವನು ಹೇಳಿದ್ದು ಅಲ್ಲಿಂದಲೇ. ಪಕ್ಕದಲ್ಲಿ ಅವಳು ಕೂತು ಚಿಂದಿ ಕೊಡುತ್ತಿದ್ದ ಜಾಗಕ್ಕೆ ತಿರುಗಿ ನೋಡುವುದು ಅವನಿಂದ ಆಗಲಿಲ್ಲ. ಎಣ್ಣೆಯ ಕೈಯಲ್ಲೇ ಮುಖ ಮುಚ್ಚಿಕೊಂಡ.

ಮಾರನೆಯ ದಿನ ಕತ್ತರಿಸಿದ್ದ ಮೆಟ್ಟಿಲನ್ನು ಹುಡುಕಿ ತಂದು ಬೆಸುಗೆ ಹಾಕಿಸಿದ. ಎಡಗಡೆಗೆ ಕನ್ನಡಿಯನ್ನೂ ಹಾಕಿಸಿದ. ಮತ್ತೆ ಬೆಟ್ಟ ಹತ್ತಿದ. ಅದೇ ತಿರುವಿನಲ್ಲಿ ನಿಲ್ಲಿಸಿ ಕೈ ಬ್ರೇಕಿನ ಹಿಡಿ ಎಳೆದ. ಕಟಕಟ ಎಂದು ಅದರ ಹಲ್ಲು ಕೂತಿತು. ಕಾಲು ತೆಗೆದ. ಜೀಪು ಕದಲಲಿಲ್ಲ.

ಮುದುಕಿ ಅಭ್ಯಾಸದಂತೆ ಎದ್ದು ಬಂದಿದ್ದಳು.

“ಸರಿ ಮಾಡ್ಕಂಡ್ಯಾ?”

“ಹೂಂ.”

“ಒಳ್ಳೇದಾಯ್ತು ಬುಡು,” ಎಂದು ಅವಳು ಹೋಗಿ ತನ್ನ ಜಾಗದಲ್ಲಿ ಕೂತಳು.

ಅವನು ಮೂಟೆ ಇಳಿಸುವವರೆಗೂ ತಲೆ ಎತ್ತಲಿಲ್ಲ.

ಅವನು ಈಗಲೂ ಜೀಪು ಓಡಿಸುತ್ತಾನೆ. ಕಲ್ಲು ಈಗಲೂ ಸೀಟಿನ ಕೆಳಗೇ ಇದೆ. ಅದನ್ನು ಯಾರೂ ತೆಗೆಯುವುದಿಲ್ಲ. ಕೈ ಬ್ರೇಕು ಒಂದು ಸಲವೂ ಜಾರಿಲ್ಲ. ಎಲ್ಲಿ ನಿಲ್ಲಿಸಿದರೂ ಅವನು ಹಿಡಿ ಎಳೆಯುತ್ತಾನೆ. ಕಟಕಟ ಎಂಬ ಆ ಸದ್ದು ಬಂದಾಗ ಅವನ ತಲೆ ತಾನಾಗಿ ತಗ್ಗುತ್ತದೆ. ಹೊಸದಾಗಿ ಹತ್ತಿದವರು, ಇವನು ಬೆಟ್ಟದ ದೇವರಿಗೆ ತಲೆ ಬಾಗಿದ ಎಂದುಕೊಂಡು ತಾವೂ ಕೈ ಮುಗಿಯುತ್ತಾರೆ. ಅವನು ಇಳಿದು ಮೂಟೆಗೆ ಕೈ ಹಾಕುತ್ತಾನೆ.

ಗುರುಗಳು ಕತೆ ಮುಗಿಸಿದರು.

ಶಿವನಂಜ ಯೋಚಿಸಿದ. “ಅವನು ಹೆಂಡತಿಗೆ ಹೊಡೆಯಲಿಲ್ಲ, ಬುದ್ಧಿ. ಬೈಯಲೂ ಇಲ್ಲ. ಅವಳೂ ಒಂದು ದಿನ ದೂರಲಿಲ್ಲ.”

“ಹೌದು,” ಎಂದರು ಗುರುಗಳು.

“ಹಾಗಾದರೆ ಅವನು ಮಾಡಿದ ತಪ್ಪು ಯಾವುದು?”

ಹಿತ್ತಲಲ್ಲಿ ಹಗ್ಗ ಕಲ್ಲಿಗೆ ಉಜ್ಜಿತು. ಅರ್ಧಕ್ಕೆ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಉಜ್ಜಿತು.

“ಸಿದ್ದಮಲ್ಲಪ್ಪನ ಅಂಗೈಯನ್ನು ಯಾವತ್ತಾದರೂ ನೋಡಿದ್ದೀಯಾ, ಶಿವನಂಜ?” ಎಂದರು ಗುರುಗಳು.